ಕಾಲಿಗೆ ಎಣ್ಣಿ ಹಚ್ಚಿರಿ ಅಂದಿದ್ದೆ

ನಮ್ಮ ನಾಯಿ ಕಾಲು ನೆಕ್ಕುವ ಸದ್ದು ನನ್ನ ತಲೆ ತಿನ್ನುತ್ತಿತ್ತು. ಬೆಳಗಿನ ಚಹಾ ಹೊತ್ತಿಗೆ ಚಪ್ ಚಪ್ ಎಂದು ಶುರುವಾದರೆ ನಾನು ಆಫೀಸಿಗೆಂದು ಆಲೂರಿನ ಬಸ್ಸು ಹಿಡಿಯುವವರೆಗೂ ಅದೇ. ಬಲಗಡೆಯ ಮುಂಗಾಲು, ಬೆರಳ ಸಂದಿ. ಅಲ್ಲಿನ ಬಿಳಿ ಕೂದಲು ಎಂಜಲಿಗೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಜಾತಿ ನಾಯಿಯೇನಲ್ಲ, ಆಂಧ್ರದ ಆದವಾನಿಯ ನಮ್ಮ ಓಣಿಯಲ್ಲೇ ಹುಟ್ಟಿ, ಯಾರೂ ಕರೆಯದೆ ನಮ್ಮ ಮನೆ ಸೇರಿಕೊಂಡದ್ದು. ನಾನು ಗದರುತ್ತಿದ್ದೆ. ನಿಲ್ಲಿಸದಿದ್ದರೆ ಒಂದು ಬಿಸ್ಕತ್ತು ಎಸೆಯುತ್ತಿದ್ದೆ. ತಿಂದು ಮುಗಿಸಿ ಮತ್ತೆ ನೆಕ್ಕುತ್ತಿತ್ತು. ನೆಕ್ಕಿದರೆ ಬಿಸ್ಕತ್ತು ಸಿಗುತ್ತದೆ ಅಂತ ನಾನೇ ಅದಕ್ಕೆ ಪಾಠ ಹೇಳಿಕೊಟ್ಟಿದ್ದೆ ಅನ್ನುವುದು ಆಮೇಲೆ ತಿಳಿಯಿತು.

ಫೋನಿನಲ್ಲಿ ಹುಡುಕಿ ಓದಿದೆ. ನಾಯಿಗಳು ಅತಿಯಾಗಿ ನೆಕ್ಕುವುದು ಅಲರ್ಜಿಗೆ, ನೋವಿಗೆ, ಬೇಜಾರಿಗೆ ಎಂದಿತ್ತು. ನನಗೆ ಬೇಜಾರು ಅನ್ನುವ ಕಾರಣವೇ ಹಿಡಿಸಿತು. ಮಿಕ್ಕ ಎರಡಕ್ಕೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಬೇಜಾರಾದರೆ ತಪ್ಪು ನಾಯಿಯದು. ಒಂದು ಸಲವೂ ಆ ಕಾಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಲಿಲ್ಲ. ಕಹಿಗೆ ನೆಕ್ಕುವುದು ಬಿಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಜಾರಿನಿಂದ ಬೇವಿನೆಣ್ಣೆಯ ಬಾಟಲಿ ತಂದು ಹಿಂದಿನ ಕೋಣೆಯಲ್ಲಿಟ್ಟೆ. ತಂದದ್ದನ್ನು ಹಚ್ಚುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಮರುದಿನ ಆಫೀಸಿನಲ್ಲಿ ಫೈಲು ನೋಡುತ್ತಿದ್ದಾಗ ಅದು ನೆನಪಾಗಿ ಅತ್ತೆಗೆ ಫೋನು ಮಾಡಿದೆ. ಮನೆಯಲ್ಲಿ ಅವರೊಬ್ಬರೇ. ನನ್ನ ಗಂಡ ಹೊಲದ ಕೆಲಸಕ್ಕೆ ಹೊಳಗುಂದಕ್ಕೆ ಹೋಗಿದ್ದರು.

"ಅತ್ತೀ, ನಾಯಿ ಕಾಲಿಗೆ ಎಣ್ಣಿ ಹಚ್ಚಿರಿ. ಹಿಂದಿನ ಖೋಲ್ಯಾಗ ಬಾಟ್ಲಿ ಐತಿ."

"ಹೂಂ, ಹಚ್ತೀನಿ ಬಿಡು," ಅಂದರು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಅವರದೇ ಫೋನು ಬಂತು. "ನಾಯಿ ಬಾಯಾಗ ನೊರಿ ಬರಾಕ ಹತ್ತೈತಿ. ನಿಂದ್ರಾಕ ಆಗವಲ್ದು. ಗಡಗಡ ನಡುಗಾಕತ್ತೈತಿ."

"ಏನು ತಿಂತು?"

"ಏನೂ ತಿಂದಿಲ್ಲ. ನೀ ಹೇಳಿದ್ಹಂಗ ಎಣ್ಣಿ ಹಚ್ಚೀನಿ ಅಷ್ಟ. ಹತ್ತಿಗಿ ಹೊಡಿತಾರಲ್ಲ, ಅದು. ನೀರು ಕಲಸೇ ಹಚ್ಚೀನವ್ವಾ."

ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ನಮ್ಮ ಕಡೆ ಅಡುಗೆಗೆ ಹಾಕುವುದು ಒಳ್ಳೆಣ್ಣಿ, ತಲೆಗೆ ಹಚ್ಚುವುದು ಕೊಬ್ಬರಿ ಎಣ್ಣಿ. ಬರೀ ಎಣ್ಣಿ ಅಂದರೆ ಹತ್ತಿಗೆ ಸಿಂಪಡಿಸುವ ವಿಷ. ಹುಟ್ಟಿದಂದಿನಿಂದ ನಾನೂ ಹಾಗೇ ಅಂದವಳು. ಆದರೆ ಇಡೀ ದಿನ ತೆಲುಗಿನಲ್ಲಿ ಬರೆದು ತೆಲುಗಿನಲ್ಲಿ ಮಾತಾಡುವ ಕೆಲಸ ನನ್ನದು. ತೆಲುಗಿನಲ್ಲಿ ಹಚ್ಚುವುದು ನೂನೆ, ಹೊಲಕ್ಕೆ ಹೊಡೆಯುವುದು ಮಂದು. ಅಂಗಡಿಯವನು ವೇಪನೂನೆ ಎಂದು ಕೊಟ್ಟದ್ದನ್ನು ನಾನು ತಲೆಯಲ್ಲೇ ಕನ್ನಡ ಮಾಡಿಕೊಂಡು, ಬೇವು ಅನ್ನುವುದನ್ನು ನುಂಗಿ, ಬರೀ ಎಣ್ಣಿ ಅಂದುಬಿಟ್ಟಿದ್ದೆ. ಅದೇ ಕೋಣೆಯಲ್ಲಿ ಗಂಡ ಹೊಲದಿಂದ ತಂದಿಟ್ಟ ಅರ್ಧ ಬಾಟಲಿಯೂ ಇತ್ತು. ಅತ್ತೆಗೆ ಅನುಮಾನ ಬರುವ ಮಾತೇ ಇರಲಿಲ್ಲ. ಅವರ ತವರಿನಲ್ಲಿ ಎಮ್ಮೆಗೆ ಉಣ್ಣೆಹುಳ ಹತ್ತಿದರೆ ಅದನ್ನೇ ನೀರಿಗೆ ಹಾಕಿ ಬೆನ್ನಿಗೆ ಒರೆಸುತ್ತಿದ್ದರಂತೆ. ಎಮ್ಮೆ ತನ್ನ ಬೆನ್ನನ್ನು ಹೊತ್ತೆಲ್ಲಾ ನೆಕ್ಕುತ್ತಾ ಕೂರುವುದಿಲ್ಲವಲ್ಲ. ಇದು ನೆಕ್ಕುವ ನಾಯಿ, ನೆಕ್ಕುವ ಕಾಲಿಗೇ ವಿಷ.

"ಸೋಪು ಹಚ್ಚಿ ತೊಳೀರಿ! ಬಾಟ್ಲಿ ತಗೊಂಡು ಆಟೋದಾಗ ದವಾಖಾನಿಗೆ ಹೋಗ್ರಿ!" ಎಂದು ಆಫೀಸೆಲ್ಲ ಕೇಳುವಂತೆ ಕಿರುಚಿದೆ.

ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅತ್ತೆಯ ಮೇಲೆ ಸಿಟ್ಟು. ನಾಯಿಗೆ ವಿಷ ಹಚ್ಚುತ್ತಾರೆಯೇ ಯಾರಾದರೂ? ವಾಸನೆಯಾದರೂ ಗೊತ್ತಾಗಬಾರದೇ? ಹೀಗೆ ಬೈದುಕೊಳ್ಳುತ್ತಿದ್ದರೆ ನಾನು ಆಡಿದ ಮಾತು ನೆನಪಿಗೆ ಬರುತ್ತಿರಲಿಲ್ಲ.

ಪಶುವೈದ್ಯರ ಕೋಣೆಗೆ ಓಡಿ ಬಂದಾಗ ನಾಯಿ ಮೇಜಿನ ಮೇಲೆ ಚೆಲ್ಲಿಕೊಂಡಿತ್ತು. ಕಾಲು ತೊಳೆದಾಗಿತ್ತು, ಸೂಜಿ ಚುಚ್ಚಿಯಾಗಿತ್ತು. ಬದುಕಬಹುದು ಅಂದರು ವೈದ್ಯರು. ಅತ್ತೆ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದರು. ಎಂದೂ ನಾಯಿಯನ್ನು ಮಡಿಲಿಗೆ ಹತ್ತಿಸದ ಹೆಂಗಸು, ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಆಟೋದಲ್ಲಿ ಬಂದಿದ್ದರು.

ವೈದ್ಯರು ಬೆರಳ ಸಂದಿಯ ಕೂದಲು ಕತ್ತರಿಸಿ, ಒತ್ತಿ, ಚಿಮುಟದಿಂದ ಏನನ್ನೋ ಎಳೆದರು. ಕೀವಿನ ಜೊತೆ ಜಾಲಿಮುಳ್ಳಿನ ತುದಿ ಬಂತು. "ಕುಕ್ಕ ಊರಿಕೇ ನಾಕದಮ್ಮಾ," ಅಂದರು. ನಾಯಿ ಸುಮ್ಮಸುಮ್ಮನೆ ನೆಕ್ಕುವುದಿಲ್ಲ. ಅದು ಒಂದೇ ಜಾಗ ನೆಕ್ಕುತ್ತಿದ್ದರೆ ಮೊದಲು ಆ ಜಾಗ ನೋಡಬೇಕು, ಬೈಯುವುದೂ ಬೇಡ, ತಿಂಡಿ ಕೊಡುವುದೂ ಬೇಡ ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಎಷ್ಟು ದಿನ ಆ ಮುಳ್ಳಿನ ಮೇಲೆ ಅದನ್ನು ಓಡಾಡಿಸಿ, ಮೇಲಿಂದ ಗದರಿದ್ದೆ!

"ಈ ಮಂದು ಹಚ್ಚಿದವರು ಯಾರು?" ಎಂದು ಅವರು ತೆಲುಗಿನಲ್ಲೇ ಕೇಳಿದರು.

"ನಮ್ಮ ಅತ್ತೆ," ಅಂದೆ. ಪ್ರಶ್ನೆ ಮುಗಿಯುವ ಮೊದಲೇ ಅಂದೆ. ಅಲ್ಲಿ ನಿಂತಿದ್ದವರೆಲ್ಲ ತಿರುಗಿ ಅವರನ್ನು ನೋಡಿದರು.

ವೈದ್ಯರೂ ನೋಡಿದರು, ಆಮೇಲೆ ಚಿಮುಟ ಕೆಳಗಿಟ್ಟು ಅವರ ಹತ್ತಿರ ಹೋದರು. ಬರಿಗೈಯಿಂದಲೇ ಕಲಸಿದಿರಾ ಎಂದು ಕೇಳಿದರು. ಅತ್ತೆ ತಲೆಯಾಡಿಸಿದರು. ಆಗ ನಾನು ಅವರನ್ನು ಸರಿಯಾಗಿ ನೋಡಿದೆ. ಕುಪ್ಪಸ ಬೆವರಿಗೆ ತೊಯ್ದು ಮೈಗಂಟಿತ್ತು. ಬಾಯಲ್ಲಿ ತುಂಬುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಅಂಜಿಕೆಗೆ ನಡುಗುತ್ತಿದ್ದಾರೆ ಅಂದುಕೊಂಡಿದ್ದೆ.

"ಮುಂದು ಈಮೆನಿ ತೀಸ್ಕೆಳ್ಳಂಡಿ!" ಎಂದು ವೈದ್ಯರು ಕೂಗಿದರು. ಮೊದಲು ಇವರನ್ನು ಕರೆದುಕೊಂಡು ಹೋಗಿ! ನಾಯಿಯನ್ನು ಅಲ್ಲೇ ಬಿಟ್ಟು, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಅವರ ತಲೆ ನನ್ನ ಹೆಗಲ ಮೇಲೆ ವಾಲುತ್ತಿತ್ತು. ಅಂಥ ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಎರಡನೆಯ ದಿನ ಅವರು ಚೇತರಿಸಿಕೊಂಡರು. ಗಂಜಿ ಕುಡಿಸುವಾಗ, ನಾಯಿ ಹುಷಾರಾಗಿದೆ, ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಹಾಕಿದ್ದಾರೆ ಎಂದು ಹೇಳಿದೆ. ಅವರ ಮುಖ ಸ್ವಲ್ಪ ಅರಳಿತು. ಅದೇ ಧೈರ್ಯಕ್ಕೆ, ಎರಡು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಹಾಕಿದೆ.

"ಅತ್ತೀ, ಬರೇ ಎಣ್ಣಿ ಅಂದಾಕಿ ನಾನು. ತಪ್ಪು ನಂದು."

ಅಯ್ಯೋ ಬಿಡವ್ವಾ ಎನ್ನುತ್ತಾರೆ ಎಂದು ಕಾದೆ. ಅವರು ಲೋಟವನ್ನು ನನ್ನ ಕೈಗೆ ಕೊಟ್ಟು, ಬಾಯಿ ಒರೆಸಿಕೊಂಡರು.

"ನನಗ ಅವತ್ತೇ ಗೊತ್ತಿತ್ತು," ಅಂದರು. "ಅಲ್ಲಿ ಆ ಡಾಕ್ಟ್ರು ಕೇಳಿದಾಗ ಹೇಳಬೇಕಿತ್ತು ನೀನು."