ಹೊಳೆ ದಾಟದ ದಂಡು

ಸಂತೇಬೆನ್ನೂರಿನಲ್ಲಿ ಬಸ್ಸು ತಪ್ಪಿಸಿಕೊಂಡ ಶಾಲೆಯ ಮೇಷ್ಟ್ರೊಬ್ಬರು ಸಂತೆಯ ಲಾರಿ ಹತ್ತಿದ ದಿನ, ಶಂಕರಮ್ಮ ಹಗ್ಗದ ಸುರುಳಿಗಳ ಮೇಲೆ ಕುಳಿತು ಒಂದು ಹೊಳೆಗಾಗಿ ಜಗಳವಾಡುತ್ತಿದ್ದಳು.

"ಹೊಳೆ ನಂದು. ನನ್ನ ಕೇಳದೆ ಯಾರೂ ದಾಟಂಗಿಲ್ಲ," ಎಂದಳು.

ಎದುರಿಗಿದ್ದ ಮೂವರು ಗಂಡಸರಲ್ಲಿ ಒಬ್ಬನೂ ನಗಲಿಲ್ಲ. ಮೀನಿನ ಗುತ್ತಿಗೆಯ ವ್ಯಾಜ್ಯವಿರಬೇಕೆಂದು ಮೇಷ್ಟ್ರು ತಿಳಿದರು. ಜಗಳೂರಿನ ಕಂಬಳಿ ವ್ಯಾಪಾರಿ ಅಂಜಿನಪ್ಪ ಅವರ ಕಡೆಗೆ ಬಾಗಿ, "ಗಾಬರಿ ಆಗಬ್ಯಾಡ್ರಿ ಮೇಷ್ಟ್ರೆ, ಇದ್ಯಾವುದೂ ನಡೆದಿದ್ದಲ್ಲ," ಎಂದನು.

ಅದು ಸಾವಿರದ ಒಂಬೈನೂರ ಎಪ್ಪತ್ತೈದರ ಆಸುಪಾಸಿನ ಮಾತು. ನಡೆದದ್ದು ಶಾಲೆಯ ಪುಸ್ತಕದಲ್ಲಿತ್ತು: ಪರಂಗಿಯವರು ಬಂದರು, ಸೀಮೆಯನ್ನು ಗೆದ್ದರು, ಕಂದಾಯ ಹಾಕಿದರು. ಲಾರಿಯ ಮೇಲಿನ ಚರಿತ್ರೆ ಬೇರೆಯಾಗಿತ್ತು. ಅದರಲ್ಲಿ ಪರಂಗಿ ದಂಡು ಹೊನ್ನಾಳಿಯ ಹತ್ತಿರ ಹೊಳೆಯ ದಡಕ್ಕೆ ಬಂದು ನಿಂತಿತ್ತು. ಅಂಬಿಗರು ಹರಿಗೋಲುಗಳನ್ನೆಲ್ಲ ಬಚ್ಚಿಟ್ಟಿದ್ದರಿಂದ ದಾಟಲಾಗದೆ ನಿಂತೇ ಇತ್ತು. ಅದರ ಕಣ್ಣೆದುರಿಗೇ ನಾಲ್ಕು ಸೀಮೆಗಳ ರಾಜ್ಯವೊಂದು ಬೆಳೆಯುತ್ತಿತ್ತು.

ಸೂಳೆಕೆರೆಯ ಏರಿಯ ಮೇಲೆ ಒಮ್ಮೆ ಲಾರಿ ಕೆಟ್ಟು ನಿಂತಾಗ, ಹೊತ್ತು ಕಳೆಯಲೆಂದು ನಾಲ್ವರು ಸಂತೆಯವರು ಕಟ್ಟಿದ ರಾಜ್ಯ ಅದು. ಚನ್ನಗಿರಿ ಸೀಮೆ ಮೆಣಸಿನಕಾಯಿಯ ಜಯದೇವಪ್ಪನದು. ನ್ಯಾಮತಿ ಬೆಲ್ಲದ ಮಹೇಶ್ವರಪ್ಪನದು. ಜಗಳೂರು ಅಂಜಿನಪ್ಪನದು. ಹೊನ್ನಾಳಿಯೂ ಹೊಳೆಯೂ ಶಂಕರಮ್ಮನವು.

ಒಮ್ಮತವೆಂಬುದು ಆ ರಾಜ್ಯದಲ್ಲಿ ಎಂದೂ ಇರಲಿಲ್ಲ. ಜಯದೇವಪ್ಪನಿಗೆ ಮಾತುಮಾತಿಗೂ ಫಿರಂಗಿ ಹಾರಬೇಕು. ಮಹೇಶ್ವರಪ್ಪ ಸಂತೆಗಳಲ್ಲಿ ಸರಿಯಾದ ತಕ್ಕಡಿ ಇಡಿಸುತ್ತ ಕೂತರೆ, ಹಾಗಾದರೆ ಮೊದಲು ಶಿಕ್ಷೆಯಾಗುವುದು ಬೆಲ್ಲದವನಿಗೇ ಎಂದು ಜಯದೇವಪ್ಪ ಚುಚ್ಚುವನು. ಅಂಜಿನಪ್ಪ ಸೂಳೆಕೆರೆಯ ನೀರನ್ನು ಜಗಳೂರಿಗೆ ಹರಿಸಿದಾಗಲಂತೂ ದೊಡ್ಡ ರಂಪವೇ ಆಯಿತು. ನೀರು ದಿಣ್ಣೆ ಹತ್ತುವುದಿಲ್ಲವೆಂದು ಉಳಿದವರು ಹಟ ಹಿಡಿದರು. "ಇಲ್ಲದ ರಾಜ್ಯದಾಗಾದ್ರೂ ನಮ್ಮೂರಿಗೆ ನೀರು ಏರ್ಲಿ ಬಿಡ್ರಿ," ಎಂದು ಅಂಜಿನಪ್ಪ ಹೇಳಿದನು. ನೀರು ಏರಿತು.

ಜಗಳ ಕೈಮೀರದಂತೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಬ್ಬರ ಸೀಮೆಯಲ್ಲಿ ಮತ್ತೊಬ್ಬರು ಏನನ್ನಾದರೂ ಬದಲಿಸಬೇಕಾದರೆ ಆ ಸೀಮೆಯವರಿಗೆ ಎಲೆಅಡಿಕೆ ಕೊಡಬೇಕು. ಅವರು ಅದನ್ನು ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಆಮೇಲೆ ಹಿಂದೆ ಸರಿಯುವಂತಿಲ್ಲ.

ಶಂಕರಮ್ಮನ ಹೊಳೆಯಲ್ಲಿ ಅಂಬಿಗರಿಗೆಲ್ಲ ಹಿರಿಯನೊಬ್ಬನಿದ್ದನು. ಹರಿಗೋಲು ಬಚ್ಚಿಡಿಸಿದವನು ಅವನೇ. ಲಾರಿಯವರ ಮುಂದೆ ಅವನಿಗೆ ಆಕೆ ಹೆಸರಿಟ್ಟಿರಲಿಲ್ಲ. ಹೆಸರು ಮನಸ್ಸಿನಲ್ಲಿತ್ತು, ಹೇಳಿರಲಿಲ್ಲ: ಅದು ಆಕೆಯ ಅಣ್ಣನದು. ಆಕೆಯ ಅಣ್ಣ ದುರುಗಪ್ಪ ಹೊನ್ನಾಳಿಯ ಮೇಲಿನ ಕಡವಿನಲ್ಲಿ, ಜನ ಹೊಳೆ ದಾಟುವ ಜಾಗದಲ್ಲಿ, ಹರಿಗೋಲು ಹಾಕುತ್ತಿದ್ದನು. ಒಂದು ಮಳೆಗಾಲ ಮದುವೆಯ ದಿಬ್ಬಣವನ್ನು ದಾಟಿಸುವಾಗ ಹರಿಗೋಲು ಮಗುಚಿತು. ಜನರನ್ನೆಲ್ಲ ಅವನು ದಡಕ್ಕೆ ಎಳೆದು ಹಾಕಿದನು. ಒಡವೆಯ ಗಂಟು ಸಿಗಲಿಲ್ಲ, ಅವನೂ ಸಿಗಲಿಲ್ಲ. ಗಂಟಿನೊಂದಿಗೆ ಈಜಿ ಹೋದನೆಂದು ಊರು ಆಡಿಕೊಂಡಿತು. ಆ ಮಾತು ಕೇಳಲಾರದೆಯೇ ಶಂಕರಮ್ಮ ಹಗ್ಗದ ಹೊರೆ ಹೊತ್ತು ಊರೂರು ಸಂತೆ ಹಿಡಿದವಳು. ಲಾರಿಯವರಿಗೆ ಇದು ತಿಳಿಯದೆಂದು ನಂಬಿದ್ದಳು. ನ್ಯಾಮತಿ ಮಾತ್ರ ಹೊನ್ನಾಳಿಗೆ ಹತ್ತಿರ. ಮಹೇಶ್ವರಪ್ಪನ ಕಿವಿಗೆ ಬಿದ್ದಿರಬಹುದೇ ಎಂಬ ಅನುಮಾನ ಒಳಗೇ ಇತ್ತು.

ಎಂಬತ್ತನೇ ಇಸವಿ ಕಳೆದ ಮೇಲೆ ಆ ಅನುಮಾನ ಬಲಿಯಿತು. ದಂಡು ಇಷ್ಟು ವರ್ಷ ಸುಮ್ಮನೆ ನಿಂತರೆ ಕಥೆ ಕೊಳೆಯುತ್ತದೆ, ಯಾರಾದರೂ ದ್ರೋಹ ಮಾಡಿ ದಾರಿ ತೋರಿಸಲೇಬೇಕು ಎಂದು ಜಯದೇವಪ್ಪ ಗೊಣಗತೊಡಗಿದ್ದನು. ಶಂಕರಮ್ಮ ಲಾರಿ ಹತ್ತಿದರೆ ಗಂಡಸರ ಮಾತು ನಿಲ್ಲುತ್ತಿತ್ತು. ಒಂದು ದಿನ ಮಹೇಶ್ವರಪ್ಪ, ಹೊಳೆ ತುಂಬಿದಾಗ ಸೊಂಟಕ್ಕೆ ಭಾರ ಕಟ್ಟಿಕೊಂಡು ಈಜಲಾದೀತೇ ಎಂದು ಸುಮ್ಮನೆ ಕೇಳಿದವನಂತೆ ಕೇಳಿದನು. ಅಂದಿನಿಂದ ಆಕೆ ಅವನ ಮುಖವನ್ನು ಬೇರೆ ರೀತಿ ನೋಡತೊಡಗಿದಳು.

ನ್ಯಾಮತಿ ಸಂತೆಯಲ್ಲಿ ಆಕೆ ಗಿರಾಕಿಯೊಬ್ಬನಿಗೆ ಎತ್ತಿನ ಮೂಗುದಾರ ಆರಿಸಿಕೊಡುತ್ತಿದ್ದಾಗ ಜಯದೇವಪ್ಪ ಮಡಿಸಿದ ಎಲೆಯೊಂದನ್ನು ಚಾಚಿದನು. ಎಲೆಅಡಿಕೆ ಎಂದರೆ ಆಕೆಗೆ ಊಟಕ್ಕಿಂತ ಹೆಚ್ಚು. ಕೈಕೆಲಸದ ನಡುವೆಯೇ ಬಾಯಿಗೆ ಹಾಕಿಕೊಂಡಳು.

ಲಾರಿ ಹೊರಟ ಮೇಲೆ ಅವನು, "ಅಂಬಿಗ ಇನ್ನು ನನ್ನೋನು ಶಂಕ್ರಮ್ಮ. ಎಲಡಿಕೆ ಹಾಕ್ಕಂಡ್ರಲ್ಲ," ಎಂದನು.

"ಯಾತಕ್ಕೆ ಅಂತ ಹೇಳಿಲ್ಲ ನೀವು."

"ನೀವು ಕೇಳಿಲ್ಲ."

ಮೊದಲು ಯಾರು ಬಾಯಿಬಿಡಬೇಕೆಂಬುದು ಕಟ್ಟಳೆಯಲ್ಲಿರಲಿಲ್ಲ. ಜಯದೇವಪ್ಪ ಕಥೆ ಹೇಳಿದನು: ದಂಡಿನವರು ಅಂಬಿಗನಿಗೆ ಚಿನ್ನದ ಗಂಟು ಕೊಟ್ಟರು, ಅವನು ನೀರು ಕಡಿಮೆಯಿರುವ ಜಾಗ ತೋರಿಸಿದನು, ಗಂಟನ್ನು ಸೊಂಟಕ್ಕೆ ಕಟ್ಟಿ ಹೊಳೆಯ ಜೊತೆ ಈಜಿ ಹೋದನು, ಮತ್ತೆ ಸಿಗಲಿಲ್ಲ. ಶಂಕರಮ್ಮ ಬಾಯಲ್ಲಿದ್ದುದನ್ನು ಲಾರಿಯಾಚೆ ಉಗುಳಿದಳು. ಮಹೇಶ್ವರಪ್ಪ ಆಚೆ ತಿರುಗಿ ಕೂತಿದ್ದನು.

ಅಂದಿನಿಂದ ಆಕೆ ಯಾರ ಎಲೆಯನ್ನೂ ಮುಟ್ಟಲಿಲ್ಲ. ಲಾರಿ ಬಿಟ್ಟು ಬಸ್ಸಿನಲ್ಲಿ ಹೊರೆ ಹಾಕಿಕೊಂಡು ಓಡಾಡಿದಳು. ಮಹೇಶ್ವರಪ್ಪ ಯಾರೊಂದಿಗೆ ನಿಂತು ಮಾತಾಡಿದರೂ ಅದು ತನ್ನ ಅಣ್ಣನ ಮಾತೇ ಎನ್ನಿಸುತ್ತಿತ್ತು. ಕೊನೆಗೆ ಹೊನ್ನಾಳಿಯ ಸಂತೆಯಲ್ಲಿ ಅವನ ಬೆಲ್ಲದ ರಾಶಿಯ ಮುಂದೆ ಹೋಗಿ ನಿಂತಳು.

"ಗಂಟಿನ ಸುದ್ದಿ ಜಯದೇವಪ್ಪಗೆ ನೀವೇ ಹೇಳಿದ್ದು."

"ನಾನು ಹೇಳಿಲ್ಲ. ದ್ರೋಹಕ್ಕೆ ಚಿನ್ನ ಕೊಡ್ದೆ ಇನ್ನೇನು ಕೊಡ್ತಾರೆ? ಅದು ಜಯದೇವಪ್ಪ ತಾನೇ ಕಟ್ಟಿದ್ದು."

"ನಿಮಗೆ ಗೊತ್ತಿತ್ತು."

ಮಹೇಶ್ವರಪ್ಪ ಬೆಲ್ಲದ ಮೇಲಿನ ನೊಣ ಓಡಿಸಿದನು. "ಗೊತ್ತಿತ್ತು. ನಿಮ್ಮಣ್ಣ ತಗಂಡು ಹೋದ ಅಂತ ನಾನೂ ನಂಬಿದ್ದೆ ತಂಗಿ. ಅದಕ್ಕೇ ಆವತ್ತು ಭಾರ ಕಟ್ಕಂಡು ಈಜಾಕಾಗತೈತಾ ಅಂತ ಕೇಳ್ದೆ."

ಅದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು ಎನ್ನಿಸಿತು ಆಕೆಗೆ. ಯಾವ ಅರ್ಧ ಯಾವುದೆಂದು ತಿಳಿಯಲಿಲ್ಲ.

ಮುಂದಿನ ಸಂತೇಬೆನ್ನೂರು ಸಂತೆಯ ದಿನ ಆಕೆ ಮತ್ತೆ ಲಾರಿ ಹತ್ತಿದಳು. ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಜಯದೇವಪ್ಪನ ಮುಂದೆ ಹಿಡಿದಳು. "ಯಾತಕ್ಕೆ ಅಂತ ಮೊದ್ಲೇ ಹೇಳ್ತೀನಿ ಕೇಳ್ರಿ," ಎಂದು ಕಡವು, ದಿಬ್ಬಣ, ಒಡವೆಯ ಗಂಟು, ಊರಿನ ಮಾತು ಎಲ್ಲವನ್ನೂ ಹೇಳಿದಳು. ಅಣ್ಣನ ಹೆಸರನ್ನೂ ಹೇಳಿದಳು. "ಅವನನ್ನ ನನಗೆ ವಾಪಸ್ ಕೊಡ್ರಿ."

ಜಯದೇವಪ್ಪ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತನು. ದಾರಿಯ ಕೆರೆಬಿಳಚಿ ಊರು ಹಿಂದಾಯಿತು. ಅಷ್ಟು ವರ್ಷ ಕಾದು ಕಟ್ಟಿದ ತಿರುವು ಅದು. ಬಿಟ್ಟುಕೊಡುವುದು ಅವನಿಗೆ ಸುಲಭವಿರಲಿಲ್ಲ.

"ಹಂಗಾದ್ರೆ ದಂಡು ಹೆಂಗೆ ದಾಟತೈತೆ?" ಎಂದು ಕೇಳಿದನು.

"ದಾಟಬೇಕು ಅಂತ ಯಾರು ಹೇಳಿದ್ರು?"

ಅಂಜಿನಪ್ಪ ಕಂಬಳಿ ಹೊದ್ದುಕೊಂಡು, ಪಾಪ ಆ ಪರಂಗಿಯವರಿಗೂ ನಿಂತುನಿಂತು ಕಾಲು ನೋಯುತ್ತಿರಬೇಕು ಎಂದನು. ಜಯದೇವಪ್ಪ ನಗಲಿಲ್ಲ. ಆದರೆ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದನು. ತನಗೂ ಒಂದು ಎಲೆ ಕೊಡೆಂದು ಮಹೇಶ್ವರಪ್ಪ ಕೈ ಚಾಚಿದನು. ಶಂಕರಮ್ಮ ಸಂಚಿಯ ಬಾಯಿ ಬಿಗಿದಳು.

ಈಗ ಆ ಲಾರಿ ಇಲ್ಲ. ಎಂಬತ್ತೇಳರಿಂದ ಶಂಕರಮ್ಮ ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹತ್ತಿರ ಗೋಣಿತಾಟು ಹಾಸಿ ಕೂರುತ್ತಾಳೆ. ಪುಂಡಿನಾರಿನ ಹಗ್ಗಕ್ಕಿಂತ ಪ್ಲಾಸ್ಟಿಕ್ ಹಗ್ಗವೇ ಹೆಚ್ಚು ಖರ್ಚಾಗುತ್ತದೆ. ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟರೂ, "ಯಾತಕ್ಕೆ?" ಎಂದು ಕೇಳಿಯೇ ತೆಗೆದುಕೊಳ್ಳುತ್ತಾಳೆ. ಜನ ನಗುತ್ತಾರೆ. ಸಂತೆಗೆ ಬರುವ ಮಹೇಶ್ವರಪ್ಪ ಪ್ರತಿ ವಾರವೂ ಒಂದು ಮಡಿಸಿದ ಎಲೆಯನ್ನು ಗೋಣಿತಾಟಿನ ಅಂಚಿನಲ್ಲಿ ಇಡುತ್ತಾನೆ. ಆಕೆ ಯಾತಕ್ಕೆಂದು ಕೇಳುತ್ತಾಳೆ. ಸುಮ್ಮನೆ ಎನ್ನುತ್ತಾನೆ. ಅವನು ಬಸ್ಸು ಹತ್ತುವವರೆಗೂ ಆಕೆ ಅದನ್ನು ಮುಟ್ಟುವುದಿಲ್ಲ. ಆಮೇಲೆ ಎತ್ತಿಕೊಂಡು, ಬಿಚ್ಚಿ, ಒಳಗೆ ನೋಡಿ, ಬಾಯಿಗೆ ಹಾಕಿಕೊಳ್ಳದೆ, ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾಳೆ.