ಯಾದವ ಅರ್ಧಕ್ಕೆ ಬಿಟ್ಟ ಹೊಲಿಗೆ

ಯಾದವ ಕಿಟ್ಟುವನ್ನು ಮೊದಲು ಕಂಡದ್ದು ತಣ್ಣೀರುಬಾವಿಯ ಕಡಲ ದಂಡೆಯಲ್ಲಿ, ಮೂವತ್ತಾರನೇ ಇಸವಿಯ ನವರಾತ್ರಿ ಕಳೆದ ಮೇಲೆ, ಬಿಸಿಲು ನೆತ್ತಿಗೆ ಬರುವ ಹೊತ್ತಿನಲ್ಲಿ. ಸುರತ್ಕಲ್ ಕಡೆಯಿಂದ ಮರಳಿನ ಮೇಲೆಯೇ ನಡೆದು ಬಂದವನ ಹೆಗಲಲ್ಲಿ ಬಲೆಯ ಎರಡು ತುಂಡುಗಳಿದ್ದವು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟಕ್ಕೆ ಗಿಡ್ಡ ಪಂಚೆ, ಬಾಯಿ ತುಂಬ ಎಲೆಯಡಿಕೆ. ಬಲೆ ಇಳಿಸಿ ಅದರ ಮೇಲೆಯೇ ಕುಳಿತುಬಿಟ್ಟ.

"ಬಲೆಯ ಮೇಲೆ ಕೂರ್ತಾರಾ? ನಿಮ್ಮ ಊರಲ್ಲಿ ಹೇಳಿಕೊಟ್ಟವರು ಯಾರೂ ಇಲ್ವಾ?" ಯಾದವ ಗದರಿದ.

ಕಿಟ್ಟು ಎದ್ದ. ದೂರ ಹೋಗಿ ಉಗಿದು, ಮೆಲ್ಲನೆ ನಡೆದು ವಾಪಸು ಬಂದ. ಆ ಸಾವಕಾಶಕ್ಕೇ ಯಾದವನ ಮೈ ಉರಿಯಿತು. ಅವನಿಗೆ ಉರಿಯಲು ಹೆಚ್ಚೇನೂ ಬೇಕಿರಲಿಲ್ಲ. ಗಂಜಿ ಬಿಸಿಯಾಗಿದ್ದರೆ ಹೆಂಡತಿಯನ್ನು ಬಯ್ಯುತ್ತಿದ್ದ, ಗಾಳಿ ಬೀಸದಿದ್ದರೆ ಗಾಳಿಯನ್ನು.

ರಂಪಣಿ ಒಬ್ಬನ ಬಲೆಯಲ್ಲ. ಮನೆಮನೆಯವರು ತಂದ ತುಂಡುಗಳನ್ನು ಹೊಲಿದು ಒಂದು ಮಾಡಿ, ದೋಣಿಯಲ್ಲಿ ಒಯ್ದು ಮೀನಿನ ಹಿಂಡಿಗೆ ಸುತ್ತು ಹಾಕಿ, ಎರಡೂ ತುದಿಗಳನ್ನು ದಂಡೆಯಿಂದ ಎಳೆಯಬೇಕು. ತೆಂಕು ಕೇರಿಯ ತುಂಡುಗಳಿಗೆ ದೂಮಪ್ಪ ಯಜಮಾನ, ಬಡಗು ಕೇರಿಯವಕ್ಕೆ ಯಾದವ. ಕಿಟ್ಟು ತೆಂಕಿನವರ ಜೊತೆ ಸೇರಿದ. ಅವನ ಒಂದು ತುಂಡು ಬಂದು ನಿಂತದ್ದು ಯಾದವನ ತುಂಡಿನ ಪಕ್ಕಕ್ಕೇ.

ಸ್ವಲ್ಪ ದಿನದಲ್ಲಿ ಬಂಗುಡೆ ಮೀನಿನ ದೊಡ್ಡ ಹಿಂಡು ಬಂತು. ಎರಡು ಕೇರಿಯವರೂ ಹಗ್ಗಕ್ಕೆ ಕೈ ಹಾಕಿದರು. ಬಲೆ ದಂಡೆಗೆ ಸಮೀಪಿಸುವಾಗ ನಡುವೆ ಬಾಯಿ ಬಿಟ್ಟಿತು. ಹಿಂಡೆಲ್ಲ ಕಡಲಿಗೆ ವಾಪಸು ಹೋಯಿತು. ದಂಡೆಗೆ ಬಂದದ್ದು ಒಂದಷ್ಟು ಏಡಿ, ಕಸ. ಬಿಚ್ಚಿಹೋದದ್ದು ಕಿಟ್ಟುವಿನ ತುಂಡಿಗೂ ಯಾದವನ ತುಂಡಿಗೂ ನಡುವಿನ ಹೊಲಿಗೆ.

"ಈ ಬೇವರ್ಸಿಯನ್ನು ಸೇರಿಸಿದಾಗಲೇ ಹೇಳಿದ್ದೆ," ಎಂದು ಯಾದವ ಕಿಟ್ಟುವಿನ ಮೇಲೆ ಏರಿಹೋದ.

"ನೀನು ಮುಟ್ಟಬೇಡ, ನಾನೇ ಹೊಲೀತೇನೆ ಅಂತ ನೀವೇ ಹೇಳಿದ್ದಲ್ವಾ ಯಾದವಣ್ಣ?"

"ಯಾವಾಗ ಹೇಳಿದೆ? ನಿನ್ನ ಬಾಯಲ್ಲಿ ಎಲೆಯಡಿಕೆ ಬಿಟ್ರೆ ಸುಳ್ಳು ಮಾತ್ರ ಇರುವುದು."

ದೂಮಪ್ಪ ನಡುವೆ ಬಂದ. "ನಮ್ಮವನ ಮೇಲೆ ಕೈ ಮಾಡಿದ್ರೆ ಜಾಗ್ರತೆ. ಇಷ್ಟು ವರ್ಷ ನಿನ್ನ ಬಾಯಿ ಸಹಿಸಿದ್ದು ಸಾಕು. ಇವತ್ತೇ ಬಲೆ ಬೇರೆ."

ತೆಂಕಿನವರು ಕತ್ತಿ ತೆಗೆದು ಹೊಲಿಗೆ ಕೊಯ್ಯಲು ಕುಳಿತರು. ಬಡಗಿನವರು ದೋಣಿಯ ಹುಟ್ಟು ಹಿಡಿದು ಅಡ್ಡ ನಿಂತರು. ಅರ್ಧ ಬಲೆಯಿಂದ ಹಿಂಡಿಗೆ ಸುತ್ತು ಹಾಕಲಾಗದು. ಬಲೆ ಬೇರೆಯಾದರೆ ಎರಡೂ ಕೇರಿಗೆ ಆ ವರ್ಷ ಉಪವಾಸ. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಹಿಂದೆ ಸರಿಯಲಿಲ್ಲ.

ಬಿಚ್ಚಿದ ಹೊಲಿಗೆಯನ್ನು ಕಿಟ್ಟುವಿನ ಮುಖಕ್ಕೆ ಹಿಡಿಯಬೇಕೆಂದು ಯಾದವ ಬಲೆಯ ಅಂಚನ್ನು ಎತ್ತಿದ. ಆಗ ನೆನಪಾಯಿತು. ಹಿಂದಿನ ದಿನ ಕಿಟ್ಟು ನಿಧಾನಕ್ಕೆ ಹೊಲಿಯುವುದನ್ನು ನೋಡಲಾರದೆ ಅವನನ್ನು ಎಬ್ಬಿಸಿ ತಾನೇ ಕುಳಿತಿದ್ದ. ಅರ್ಧ ಮುಗಿಯುವಷ್ಟರಲ್ಲಿ, ದೋಣಿಗೆ ಹಚ್ಚುವ ಮೀನೆಣ್ಣೆಯನ್ನು ಯಾರೋ ಚೆಲ್ಲಿದ್ದರು. ಅವರನ್ನು ಬಯ್ಯಲು ಎದ್ದುಹೋದವನು ಹೊಲಿಗೆಗೆ ಮರಳಿರಲಿಲ್ಲ.

ಹೊಸಬನಾದ ಕಿಟ್ಟುವಿನ ಮಾತನ್ನು ಬಡಗಿನವರು ಯಾರೂ ನಂಬುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾದವ ಬಚಾವಾಗುತ್ತಿದ್ದ. ಅದನ್ನು ಯೋಚಿಸಿದ್ದಕ್ಕೇ ಅವನ ಸಿಟ್ಟು ಇನ್ನಷ್ಟು ಏರಿತು, ಈ ಸಲ ತನ್ನ ಮೇಲೆ.

"ಹುಟ್ಟು ಕೆಳಗೆ ಹಾಕಿ," ಎಂದು ತನ್ನವರಿಗೇ ಬೊಬ್ಬೆ ಹೊಡೆದ. "ಇವ ಹೇಳಿದ್ದು ಸರಿ. ಹೊಲಿಗೆ ನಂದು. ಅರ್ಧಕ್ಕೆ ಬಿಟ್ಟು ಹೋದದ್ದು ನಾನು, ಸುಳ್ಳು ಹೇಳಿದ್ದೂ ನಾನು. ಹೊಡೀಲಿಕ್ಕಿದ್ರೆ ನನಗೆ ಹೊಡೀರಿ. ಬಲೆ ಮುಟ್ಟಬೇಡಿ."

ದೂಮಪ್ಪ ಕತ್ತಿ ಹಿಡಿದ ತನ್ನವರಿಗೆ ಕೈ ಅಡ್ಡ ಚಾಚಿದ.

"ತಪ್ಪು ಒಪ್ಪಲಿಕ್ಕೂ ಇಷ್ಟು ಬೊಬ್ಬೆ ಬೇಕಾ ಮಾರಾಯ?" ಎಂದ.

ಹಿಂದೆ ಯಾರೋ ನಕ್ಕರು. ಕತ್ತಿಗಳು ಸೊಂಟಕ್ಕೆ ಹೋದವು. ಕಿಟ್ಟು ಮಾತ್ರ ನಗಲಿಲ್ಲ.

"ಬೇವರ್ಸಿ ಅಂದದ್ದು?" ಎಂದು ಕೇಳಿದ.

"ಅದೂ ತಪ್ಪೇ," ಎಂದ ಯಾದವ, ಹಲ್ಲು ಕಚ್ಚಿ.

ಅಂದು ಸಂಜೆ ಇಬ್ಬರೂ ಎದುರುಬದುರು ಕುಳಿತು ಹೊಲಿದರು. ಕಿಟ್ಟುವಿನ ನಿಧಾನಕ್ಕೆ ಯಾದವನ ಮೈ ಮತ್ತೆ ಉರಿಯಿತು; ಆದರೂ ಎಬ್ಬಿಸಲಿಲ್ಲ.

ಸಿಟ್ಟು ಅವನನ್ನು ಬಿಟ್ಟುಹೋಗಲಿಲ್ಲ. ಬಲೆಯೂ ಬೇರೆಯಾಗಲಿಲ್ಲ; ಎರಡೂ ಕೇರಿಗೆ ಸೇರಿದ ಅದೇ ರಂಪಣಿಯ ದೋಣಿಯಲ್ಲಿ ಮುಂದೆ ಚುಕ್ಕಾಣಿ ಹಿಡಿದವನೂ ಯಾದವನೇ.