ಪಾಪಮ್ಮನವರ ಈಶಾನ್ಯ ಮೂಲೆ

ಅತ್ತಿಗುಂಡಿಯ ಪಾಪಮ್ಮನವರಿಗೆ ಯಾವುದನ್ನೂ ಒಬ್ಬರೇ ಮಾಡಿ ಗೊತ್ತಿಲ್ಲ. ಹೊಸ ಮನೆಗೆ ತಾರಸಿ ಹಾಕುವ ದಿನ ಊರನ್ನೆಲ್ಲ ಮೇಲೆ ಹತ್ತಿಸಿ, ಈಶಾನ್ಯ ಮೂಲೆಯ ಕಂಬಿಗಳ ಮೇಲೆ ನಿಲ್ಲಿಸಿ ಪೂಜೆ ಮಾಡಿಸಿದರು. ನಾನೂ ಮಂಗನ ಹಾಗೆ ನಿಂತಿದ್ದೆ. ಕಂಬಿಯ ಕೆಳಗೂ ಕಾಂಕ್ರೀಟ್ ಇಳಿಯಲೆಂದು ಇಟ್ಟಿದ್ದ ಸಿಮೆಂಟ್ ಬಿಲ್ಲೆಗಳು ನಮ್ಮ ಭಾರಕ್ಕೆ ಜಾರಿ, ಕಂಬಿ ಕೆಳಗೆ ಆಸರೆಗೆ ಹೊಡೆದಿದ್ದ ಹಲಗೆಗೇ ಕೂತಿತು. ಮಂಗಳಾರತಿ ಹೊತ್ತಲ್ಲಿ ಇಳೀರಿ ಅನ್ನಲು ಮೇಸ್ತ್ರಿಗೆ ಬಾಯಿ ಬರಲಿಲ್ಲ.

ಕೆಳಗೆ ಕಾಂಕ್ರೀಟ್ ಮುಚ್ಚಿಕೊಳ್ಳದ ಆ ಕಂಬಿ ಈಗ ತುಕ್ಕು ಹಿಡಿದು ಉಬ್ಬಿದೆ. ಆ ಮೂಲೆಯ ಕೆಳಗೇ ದೇವರಮನೆ; ಸಿಮೆಂಟ್ ಚಕ್ಕೆ ಉದುರುವುದು ಸರಿಯಾಗಿ ದೇವರ ತಲೆ ಮೇಲೆ. ಮೇಸ್ತ್ರಿ ಕಾರಣ ಹೇಳಿದರೂ ಪಾಪಮ್ಮನವರು ಕೇಳಲಿಲ್ಲ.

"ಯಾರದೋ ದೃಷ್ಟಿ ಮಾರಾಯ್ತಿ," ಎಂದು ನನ್ನ ಕೈಹಿಡಿದರು. "ಶುಕ್ರವಾರ ಶಾಂತಿ ಮಾಡಿಸ್ತೀನಿ. ಅವತ್ತು ಬಂದಿದ್ದೋರೆಲ್ಲ ಬರ್ಬೇಕು, ಅದೇ ಮೂಲೆಗೆ, ತಾರಸಿ ಮೇಲೆ."

ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ.